ಉಜ್ಜಿದ ನಾಲಿಗೆ

ಮೊದಲ ಸಲ ಹೊಟ್ಟೆಯುಬ್ಬರವೆಂದು ಹೋದಾಗ ವೈದ್ಯ ಶೆನ್ ನನ್ನ ನಾಲಿಗೆ ನೋಡಿ, "ಉಜ್ಜಿಕೊಂಡು ಬಂದ್ಯಾ ತಮ್ಮಾ? ಹೊಟ್ಟೆ ಸಂಗತಿ ಗೊತ್ತಾಗೋದೇ ಆ ಬಿಳಿ ಪೊರೆಯಿಂದ. ನಾಳೆ ಹಾಗೇ ಬಾ" ಎಂದು ಬೇಸತ್ತ ದನಿಯಲ್ಲಿ ವಾಪಸು ಕಳಿಸಿದ್ದರು. ಚೀನಾದ ಲೆಶಾನ್ ಊರಿನ ಆ ಓಣಿಯಲ್ಲಿ ತಣ್ಣೀರು ಕುಡಿದವರು ತಣ್ಣನೆಯದು ಹೊಟ್ಟೆಗಾಗದು ಎಂದು ಬೈಯುವ ಅವರ ಮದ್ದಿನಂಗಡಿ ತಪ್ಪಿಸಿ ನಡೆಯುತ್ತಿದ್ದರು. ಕಲ್ಲಂಗಡಿ ತಿಂದವರ ತೇಗು ಅವರಿಗೆ ಓಣಿ ಕೊನೆಯ ಸೇತುವೆಯಾಚೆಯಿಂದಲೇ ಕೇಳಿಸುತ್ತಿತ್ತು. "ಚಿಂತೆ ಮಾಡಿದ್ರೆ ಎಡಪಕ್ಕೆ ಒಳಗಿನ ಗುಲ್ಮ ಸೋಲುತ್ತೆ, ಗುಲ್ಮ ಸೋತ್ರೆ ಅನ್ನ ಅರಗಲ್ಲ" ಎಂದು ದಿನವಿಡೀ ಹೇಳಿ ದಣಿಯುತ್ತಿದ್ದರು. ತಮ್ಮ ಗಂಜಿಯನ್ನು ಮಾತ್ರ ಉಣ್ಣಲಾಗದೆ ಬೆಕ್ಕಿಗೆ ಸುರಿಯುತ್ತಿದ್ದರು. ಒಂದು ಬೆಳಿಗ್ಗೆ, ಅವರಷ್ಟೇ ಚೆನ್ನಾಗಿ ನಾಲಿಗೆ ನೋಡಿ ರೋಗ ಹೇಳಬಲ್ಲ ಹೆಂಡತಿ ರುವೊಯುನ್ ಮದ್ದಿನ ತಕ್ಕಡಿ ಕೆಳಗಿಟ್ಟು, "ಎಲ್ಲಿ, ನಾಲಿಗೆ ಚಾಚಿ" ಎಂದರು. ಅದು ಉಜ್ಜಿ ಉಜ್ಜಿ ಕೆಂಪಾಗಿತ್ತು. "ನಿಮ್ಮ ಹೊಟ್ಟೆ ಸಂಗತಿ ನನಗೆ ಗೊತ್ತಾಗಬಾರದು ಅಂತ್ಲಾ?" ಶೆನ್ ನಾಲಿಗೆ ಒಳಗೆಳೆದುಕೊಂಡರು. ಈಗ ಶೆನ್ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ರೋಗಿಗಳ ಸ್ಟೂಲಿನ ಮೇಲೆ ಕೂತು, ಉಜ್ಜದ ನಾಲಿಗೆಯನ್ನು ಹೆಂಡತಿಗೆ ತೋರಿಸುತ್ತಾರೆ.