ಗೋಡೆಯ ಮೇಲಿದ್ದ ಕೋವಿಯ ಬೆಲೆ

ಮೊನ್ನೆ ನಮ್ಮ ಹೊಸ ಬಾಗಿಲಿಗೆ ಬಡಗಿ ಅಗಸೆ ಎಣ್ಣೆ ಉಜ್ಜುತ್ತಿದ್ದ. ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಕಾಫಿ ಆರುವವರೆಗೂ ಅಲ್ಲೇ ನಿಂತುಬಿಟ್ಟೆ. ನಿಮಗೆ ಅದು ಮರದ ವಾಸನೆ ಇರಬಹುದು. ನನಗೆ ಅದು ಅಪ್ಪಾಜಿಯ ಅಂಗಿಯ ವಾಸನೆ.

ಅಪ್ಪಾಜಿ ಆನೇಮಹಲಿನಲ್ಲಿ ಕೋವಿ ರಿಪೇರಿ ಮಾಡುತ್ತಿದ್ದರು. ಕೋವಿಯ ಮರದ ಹಿಡಿಗೆ ಉಜ್ಜುತ್ತಿದ್ದದ್ದೂ ಅದೇ ಎಣ್ಣೆ. ಬೇಟೆ ನಿಂತು ಎಷ್ಟೋ ವರ್ಷವಾಗಿದ್ದರೂ ಎಸ್ಟೇಟ್ ಮನೆಗಳಲ್ಲಿ ಹಳೆಯ ಕೋವಿಗಳು ಉಳಿದಿದ್ದವು. ಮಾರುವವರಿಗಾಗಲಿ ಕೊಳ್ಳುವವರಿಗಾಗಲಿ ಬೆಲೆ ಹೇಳಲು ಅಪ್ಪಾಜಿಯೇ ಬೇಕು. ಯಾರದು, ಯಾವ ಕಾಲದ್ದು ಎಂದು ಅವರು ಕೇಳುತ್ತಿರಲಿಲ್ಲ. “ಅದೇ ಹೇಳ್ತೈತೆ ಬುಡು” ಎನ್ನುವರು.

ತೊಂಬತ್ತರ ದಶಕದ ಆರಂಭದಲ್ಲಿ ಯಸಳೂರಿನ ಕಡೆಯ ಎಸ್ಟೇಟಿನಿಂದ ಪಾರ್ವತಮ್ಮನವರು ಹೇಳಿಕಳಿಸಿದರು. ಅವರ ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಲೈಸೆನ್ಸ್ ಯಜಮಾನರ ಹೆಸರಿನಲ್ಲಿತ್ತು, ಮಕ್ಕಳಿಗೆ ಕೋವಿ ಬೇಡ, ಮಾರಬೇಕಿತ್ತು. ಮಾವನ ಕಾಲದ ವಿಲಾಯಿತಿ ಜೋಡುನಳಿಗೆ ರೈಫಲ್, ದೊಡ್ಡ ಬೇಟೆಯದು. ಮಾವ ಅದರಲ್ಲಿ ಒಂಬತ್ತು ಹುಲಿ ಹೊಡೆದಿದ್ದರೆಂದು ಹೋಬಳಿಗೆಲ್ಲ ಗೊತ್ತು. ಆ ಮನೆಗೆ ಹೋದವರಿಗೆ ಮೊದಲು ಹುಲಿಗಳ ಕತೆ, ಆಮೇಲೆ ಕಾಫಿ.

ಅಪ್ಪಾಜಿಯ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ವಿವರ ಬರೆಯಲು ನನ್ನನ್ನು ಕರೆದುಕೊಂಡು ಹೋದರು. ನಾನಾಗ ಟೀಚರಾಗಿ ಮೂರು ವರ್ಷ. ಇಸ್ತ್ರಿ ಸೀರೆ, ಕೈಗಡಿಯಾರ, ಸ್ವಲ್ಪ ಜಂಬ. ಬಸ್ಸಿನಲ್ಲಿ ಮುಂದೆ ಹೆಂಗಸರ ಸೀಟು ಸಿಕ್ಕಿತು. ಅಪ್ಪಾಜಿಯ ಕಪ್ಪು ಉಗುರುಗಳು ಪಕ್ಕದಲ್ಲಿಲ್ಲವಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ನಿಮ್ಮ ಹತ್ತಿರ ಮುಚ್ಚಿಡುವುದೇನು.

ಜಗಲಿಯಲ್ಲಿ ಕೊಳ್ಳಲು ಬಂದವರೊಬ್ಬರು ಆಗಲೇ ಕೂತಿದ್ದರು. ಲೈಸೆನ್ಸ್ ಇದ್ದ ಪ್ಲಾಂಟರ್, ಮಾತಿನಲ್ಲಿ ಗತ್ತು.

“ಏನಯ್ಯ, ಒಂಬತ್ತು ಹುಲಿ ಹೊಡ್ದ ಕೋವಿ ಇದು. ನಳಿಗೆ ಸವ್ದು ಹೋಗ್ಬುಟ್ಟೈತೆ, ಒಳಗೆಲ್ಲ ತುಕ್ಕು. ಕಬ್ಬಿಣದ ರೇಟು ಹೇಳು, ತಗತೀನಿ.”

ಅಪ್ಪಾಜಿ ಕೋವಿಯನ್ನು ಕೈಗೆತ್ತಿಕೊಂಡರು. ಕೋವಿ ಮಡಚಿ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಮತ್ತೆ ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕೀಲು ಬಿಗಿಯಾಗಿತ್ತು, ಸದ್ದು ಮಾಡಲಿಲ್ಲ. ಎಣ್ಣೆ ಬಟ್ಟೆಯನ್ನು ಕಡ್ಡಿಗೆ ಸುತ್ತಿ ನಳಿಗೆಯೊಳಗೆ ನೂಕಿದರು. ಬಟ್ಟೆ ಕಪ್ಪಗೆ ಬಂತು. ಇನ್ನೊಂದು, ಮತ್ತೊಂದು. ಏಳನೆಯದು ಬೆಳ್ಳಗೆ ಬಂತು. ಆಗ ನಳಿಗೆಯನ್ನು ಆಕಾಶಕ್ಕೆ ಹಿಡಿದು ಕಣ್ಣಿಟ್ಟರು. ಕೊನೆಗೆ ಮರದ ಹಿಡಿಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿ, ಬಾಗಿಲಲ್ಲಿ ನಿಂತಿದ್ದ ಪಾರ್ವತಮ್ಮನವರ ಹತ್ತಿರ ಹೋದರು.

“ಅಮ್ಮಾವ್ರೇ, ನಿಮ್ಗೆ ಬೆಲೆ ಬೇಕೋ, ಕತೆ ಬೇಕೋ?”

“ಹಂಗಂದ್ರೆ?”

“ಒಳಗಿದ್ದಿದ್ದು ತುಕ್ಕಲ್ಲ, ಗಟ್ಟಿಯಾದ ಗ್ರೀಸು. ಗುಂಡು ತಿರುಗ್ಸೋ ಸುರುಳಿ ಗೆರೆ ಹೊಸದ್ರಂಗೈತೆ. ಮರ ಒಂದು ಮಗ್ಗುಲು ಬಿಸಿಲಿಗೆ ಬಿಳಿಚ್ಕಂಡೈತೆ, ಇನ್ನೊಂದು ಹಂಗೇ ಐತೆ. ಇದು ಕಾಡಿಗೋದ ಕೋವಿ ಅಲ್ಲ, ಗೋಡೆ ಮ್ಯಾಲಿದ್ದ ಕೋವಿ. ನಾಕೈದು ಗುಂಡು ಹಾರಿದ್ರೆ ಹೆಚ್ಚು. ನಿಜ ಹೇಳಿದ್ರೆ ಒಳ್ಳೇ ಬೆಲೆ ಬತ್ತದೆ. ಆದ್ರೆ ನಿಮ್ಮಾವ್ನೋರ ಹುಲಿ…”

ಅಪ್ಪಾಜಿಯ ಕಣ್ಣು ಮೇಲಕ್ಕೆ ಹೋಯಿತು. ಪಾರ್ವತಮ್ಮನವರ ತಲೆಯ ಮೇಲೆ, ಪಟದಲ್ಲಿ, ಮಾವನ ಮೀಸೆ. ಸೊಸೆಯಾಗಿ ಬಂದ ದಿನದಿಂದ ಆ ಹುಲಿಗಳ ಕತೆಯನ್ನು ಎಷ್ಟು ಜನಕ್ಕೆ ಹೇಳಿದ್ದರೋ. ಅವರು ಮಾತಾಡುವವರೆಗೆ ನಾನು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ.

“ಎಲ್ರೆದ್ರುಗೇ ಹೇಳು ರುದ್ರಣ್ಣ,” ಎಂದರು ಕೊನೆಗೆ. “ಹುಲಿ ಇರ್ಲಿ, ನಮ್ಮಾವ ಒಂದು ಇಲಿ ಹೊಡ್ದಿದ್ದೂ ನಾನು ಕಂಡಿಲ್ಲ.”

ಅಪ್ಪಾಜಿ ಜಗಲಿಗೆ ಬಂದು ಎಲ್ಲವನ್ನೂ ಹೇಳಿದರು. ಪ್ಲಾಂಟರ್ ನಕ್ಕರು. “ಯಾವ ಕಾಲೇಜಲ್ಲಿ ಓದ್ದಯ್ಯ ಇದನ್ನ?”

“ಓದೋದೇನೈತೆ ಸ್ವಾಮಿ, ನೀವೇ ಕಣ್ಣಿಟ್ಟು ನೋಡಿ.”

ಅವರು ನೋಡಿದರು. ಬಹಳ ಹೊತ್ತು ನೋಡಿದರು. ಕೋವಿ ಇಳಿಸಿದಾಗ ಮುಖದ ಗತ್ತು ಇಳಿದಿತ್ತು. ಅಪ್ಪಾಜಿ ಹೇಳಿದ ಬೆಲೆ ಅವರೆಣಿಸಿದ್ದಕ್ಕಿಂತ ಬಹಳ ಹೆಚ್ಚು. ಒಂದು ಮಾತೂ ಚೌಕಾಶಿ ಮಾಡದೆ ಒಪ್ಪಿದರು. “ಬರ್ಕೊ ಮಗಾ,” ಎಂದರು ಅಪ್ಪಾಜಿ ನನಗೆ. “ನಳಿಗೆ ಉತ್ತಮ. ಬಳಕೆ ಅತಿ ಕಡಿಮೆ.” ಹೊರಡುವಾಗ ಪ್ಲಾಂಟರ್ ಹತ್ತಿರ ಬಂದು, “ರುದ್ರಣ್ಣ, ನಮ್ಮನೇಲೂ ಎರಡು ಹಳೇವು ಅವೆ. ಬಂದು ನೋಡ್ತೀರಾ?” ಎಂದರು. ವ್ಯಾಕರಣ ಕಲಿಸುವವಳು ನಾನು. ಏಕವಚನ ಬಹುವಚನವಾದದ್ದು ನನ್ನ ಕಿವಿಗೆ ತಪ್ಪಲಿಲ್ಲ.

ಪಾರ್ವತಮ್ಮನವರು ಗೇಟಿನವರೆಗೂ ಬಂದರು. “ಹುಲಿಗಳೂ ಬದುಕ್ಕಂಡ್ವು, ಕೋವಿಗೂ ಬೆಲೆ ಬಂತು” ಎಂದು ನಗುತ್ತಿದ್ದರು. ಕಣ್ಣು ಮಾತ್ರ ಸ್ವಲ್ಪ ಒದ್ದೆಯಾಗಿತ್ತು. ವಾಪಸು ಬರುವಾಗ ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ಅಪ್ಪಾಜಿಗೆ ಅಂಟಿ ಕೂತೆ. ಸೀರೆಗೆ ಎಣ್ಣೆ ಕಲೆಯಾಯಿತು, ಒಗೆದರೂ ಹೋಗಲಿಲ್ಲ.

ಆದರೂ ನೋಡಿ, ಮನಸ್ಸು ಬದಲಾದಷ್ಟು ಬೇಗ ಪೆನ್ನು ಬದಲಾಗುವುದಿಲ್ಲ. ಆಮೇಲೂ ಎಲ್ಲ ಅರ್ಜಿಗಳಲ್ಲಿ ತಂದೆಯ ಉದ್ಯೋಗ ‘ವ್ಯಾಪಾರ’ ಎಂದೇ ತುಂಬಿದೆ. ಮುಂದಿನ ವಾರ ನನ್ನ ನಿವೃತ್ತಿ. ಸಮಾರಂಭದಲ್ಲಿ ಓದಲು ಪರಿಚಯ ಬರೆದುಕೊಡಿ ಎಂದು ನಮ್ಮ ಶಾಲೆಯ ಕಿರಿಯ ಟೀಚರ್ ಕೇಳಿದ್ದಳು. ನಿನ್ನೆ ಬರೆದುಕೊಟ್ಟೆ. ಮೊದಲ ಸಾಲು ಓದಿ ತಲೆಯೆತ್ತಿದಳು.

“ಮೇಡಂ, ‘ಕೋವಿ ರಿಪೇರಿ ರುದ್ರಣ್ಣನವರ ಮಗಳು’ ಅಂತಿದೆ. ಹೀಗೇ ಓದಲಾ?”

“ಹಾಗೇ ಓದಮ್ಮ,” ಎಂದೆ. “ಸ್ವಲ್ಪ ಜೋರಾಗಿ.”