ಎಡಕ್ಕೆ ಎಳೆಯುವ ಸೈಕಲ್ಲು

ಗೌರಿಬಿದನೂರಿನ ಸ್ಟೇಷನ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮ ಬೀದಿ. ಅಲ್ಲಿ ನನ್ನದೊಂದು ಸೈಕಲ್ ಶಾಪು, ಅದಕ್ಕೆ ಅಂಟಿಕೊಂಡಂತೆ ಮುನಿಗಂಗಪ್ಪನ ವೆಲ್ಡಿಂಗ್ ಶೆಡ್ಡು. ನಾನೂ ಅವನೂ ಒಂದೇ ವಯಸ್ಸು, ಅರವತ್ತೆರಡು. ಮೂವತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆ ಸೊಟ್ಟ ಎಂದು ಅವನು ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದಾನೆ.

ಅವನ ಪ್ರಕಾರ ಈ ಊರಿನಲ್ಲಿ ನೆಟ್ಟಗಿರುವುದು ಅವನು ಮಾಡಿದ ಗೇಟುಗಳು ಮಾತ್ರ. ಒಮ್ಮೆ ಒಬ್ಬ ಮೇಷ್ಟ್ರು ಬಂದು, "ಗೇಟು ಹಾಕಿದ್ರೆ ಚಿಲಕ ಕೂರ್ತಿಲ್ಲಪ್ಪ" ಎಂದರು, ಅಷ್ಟೇ. ಮುನಿಗಂಗಪ್ಪ ರಸಮಟ್ಟ ಹಿಡಿದು ಅವರ ಮನೆಗೆ ಹೋಗಿ, ಗೋಡೆ ಕಟ್ಟಿದ ಗಾರೆಯವನನ್ನೂ ಕರೆಸಿ, ಕಂಬದ ಮೇಲೆ ರಸಮಟ್ಟ ಇಟ್ಟು ತೋರಿಸಿದ. ಕಂಬ ಕೂದಲೆಳೆಯಷ್ಟು ವಾಲಿತ್ತು. ಪಾಪ, ಗಾರೆಯವನು ಕಂಬವನ್ನೇ ಕೆಡವಿ ಕಟ್ಟಿದ. ಆಮೇಲೂ ಚಿಲಕ ಕೂರಲಿಲ್ಲ. ಅದಕ್ಕೆ ಮುನಿಗಂಗಪ್ಪ ಹೇಳಿದ ಕಾರಣ, ಆ ಮನೆಯ ನೆಲವೇ ಸರಿಯಿಲ್ಲ ಎಂದು. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ತಪ್ಪಾಯಿತು, ನನಗೆ ಬರುವುದಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಈ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ. ಮಗಳು ತನುಜ ಅವನ ಜೊತೆಯಲ್ಲೇ ಇದ್ದಾಳೆ. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಬಂದು ಅವಳನ್ನು ಕುಡುಮಲಕುಂಟೆಯ ಫ್ಯಾಕ್ಟರಿಗೆ ಕರೆದುಕೊಂಡು ಹೋಗುತ್ತದೆ. ಅಳಿಯ ಮುನೇಶ್ ಚಿಂತಾಮಣಿ ಮಾರ್ಕೆಟ್ಟಿನಿಂದ ಟೊಮೇಟೊ ತುಂಬಿಕೊಂಡು ಊರೂರು ತಿರುಗುವ ಟೆಂಪೋ ಡ್ರೈವರ್, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮೊಮ್ಮಗಳು ಅಮೃತ, ನಾಲ್ಕು ವರ್ಷದ್ದು, ಹಗಲೆಲ್ಲ ತಾತನ ಪಾಲು. ಅವಳಿಗೆ ತಲೆ ಬಾಚುವುದನ್ನೂ ಅವನು ಕಲಿತಿದ್ದ. ಬೈತಲೆ ಮಾತ್ರ ಯಾವತ್ತೂ ಸೊಟ್ಟ. ಮಗು ತಲೆ ಅಲ್ಲಾಡಿಸುತ್ತೆ ಅನ್ನುತ್ತಿದ್ದ.

ಕಳೆದ ಮಾರ್ಚಿನಲ್ಲಿ ಮಗುವನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬರುತ್ತಿದ್ದಾಗ ಅದು ತೂಕಡಿಸಿ, ಕಾಲು ಚಕ್ರದ ಕಡ್ಡಿಗೆ ಸಿಕ್ಕಿತು. ಹಿಮ್ಮಡಿಗೆ ನಾಲ್ಕು ಹೊಲಿಗೆ ಬಿತ್ತು. ಮುನಿಗಂಗಪ್ಪ ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ. ಆಗಲೂ ಅವನು ಬೈದದ್ದು ಸೈಕಲ್ ಕಂಪನಿಯವರನ್ನು.

ಸುದ್ದಿ ಚಿಂತಾಮಣಿಗೆ ಮುಟ್ಟಿತು. ಮುನೇಶನ ತಾಯಿ ವೆಂಕಟರತ್ನಮ್ಮ ಫೋನಿನಲ್ಲೇ ತೀರ್ಮಾನ ಕೊಟ್ಟರು: ಮಗು ಅವರ ಮನೆಯಲ್ಲಿ ಇರಲಿ, ಅಲ್ಲೇ ಸ್ಕೂಲಿಗೆ ಸೇರಿಸೋಣ. ಇಲ್ಲಿ ಸೇರಿಸಬೇಕೆಂದಿದ್ದ ಸ್ಕೂಲು ಮೂರು ಕಿಲೋಮೀಟರ್ ದೂರ. ಅಷ್ಟು ನಡೆಯಲು ಮುನಿಗಂಗಪ್ಪನಿಗೆ ಮಂಡಿ ನೋವು, ಮೋಟಾರ್ ಬೈಕು ಅವನು ಕಲಿಯಲಿಲ್ಲ, ಹನ್ನೆರಡು ಮಕ್ಕಳನ್ನು ತುರುಕುವ ಆಟೋಗೆ ಮಗುವನ್ನು ಹತ್ತಿಸಲು ತನುಜಳಿಗೆ ಧೈರ್ಯವಿಲ್ಲ.

"ಅಪ್ಪ, ಜೂನ್ ಒಂದಕ್ಕೆ ಸ್ಕೂಲು ಶುರು. ಅಷ್ಟ್ರೊಳಗೆ ಮಗೂನ ಕರ್ಕೊಂಡೋಗೋಕೆ ಒಂದು ಗಟ್ಟಿ ದಾರಿ ತೋರ್ಸು. ಇಲ್ದಿದ್ರೆ ಚಿಂತಾಮಣಿಗೆ ಕಳಿಸ್ತೀನಿ. ನಂಗೇನ್ ಅದು ಆಸೆನಾ?" ಎಂದಳು. ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳೂ ಅಳುತ್ತಿದ್ದಳು ಎಂದು ಕಾಣುತ್ತದೆ.

ಮರುದಿನ ಮುನಿಗಂಗಪ್ಪ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚಿತ್ರ ಬರೆದ. ಹಿಂದೆಲ್ಲ ಸ್ಕೂಟರಿನ ಪಕ್ಕಕ್ಕೆ ಒಂದು ತೊಟ್ಟಿ ಕೂರಿಸಿ ಹೆಂಡತಿ ಮಕ್ಕಳನ್ನು ಕೂರಿಸುತ್ತಿದ್ದರಲ್ಲ, ಸೈಡ್‌ಕಾರು, ಅದು. ಸೈಕಲ್ಲಿನ ಎಡಗಡೆಗೆ ಅಂಥದ್ದೊಂದು, ಅದರಲ್ಲಿ ಮಗು. ಯೋಚನೆ ಒಳ್ಳೆಯದೇ. ಚಕ್ರದ ವಿಷಯ ಎಂದರೆ ಪಕ್ಕದಲ್ಲೇ ನಾನಿದ್ದೇನೆ, ಹುಟ್ಟಿದಾಗಿನಿಂದ ಚಕ್ರದ ಬೆಂಡು ತೆಗೆಯುತ್ತಿರುವವನು. ನನ್ನನ್ನು ಒಂದು ಮಾತು ಕೇಳಿದನೇ? ಇಲ್ಲ. ನನ್ನ ಅಂಗಡಿಗೆ ಬಂದು, "ಬಾಬು, ಒಂದು ಸಣ್ಣ ಚಕ್ರ ಕೊಡು" ಎಂದ. ಅಂಗಡಿ ಬೇಕು, ಅಂಗಡಿಯವನು ಬೇಡ.

ಜೀವಮಾನವೆಲ್ಲ ಗೇಟು ಮಾಡಿದವನು ಬೇರೆ ಏನು ಮಾಡಿಯಾನು? ವಾರ ಕಳೆಯುವಷ್ಟರಲ್ಲಿ ಸೈಕಲ್ಲಿನ ಪಕ್ಕದಲ್ಲಿ ಒಂದು ಸಣ್ಣ ಗೇಟೇ ಎದ್ದು ನಿಂತಿತು. ಚೌಕದ ಪೈಪು, ಮೇಲೆ ಬಳ್ಳಿಯ ಡಿಸೈನು, ಚಿಲಕ, ಚಿಲಕಕ್ಕೆ ಬೀಗ ಹಾಕುವ ಕಿವಿ.

"ಬೀಗ ಯಾಕೋ? ಮಗೂನ ಯಾರಾದ್ರೂ ಕದಿಯೋಕೆ ಬರ್ತಾರಾ?" ಎಂದೆ.

"ಚಿಂತಾಮಣಿಯಿಂದ ಬರ್ತಾರಲ್ಲ," ಎಂದ ಮುನಿಗಂಗಪ್ಪ. ನಗಲಿಲ್ಲ.

ಆ ಭಾರಕ್ಕೆ ಪೆಡಲ್ ಒಂದು ಸುತ್ತೂ ತಿರುಗಲಿಲ್ಲ. ಬಳ್ಳಿ ಹೋಯಿತು, ಬೀಗದ ಕಿವಿ ಹೋಯಿತು, ಅರ್ಧ ಪೈಪು ಹೋಯಿತು. ಕಡೆಗೆ ಒಂದು ಹದಕ್ಕೆ ಬಂತು. ಒಳಗೆ ಹತ್ತಿಯ ದಿಂಬು, ಕಡ್ಡಿಗೆ ಕಾಲು ಸಿಗದ ಹಾಗೆ ತಗಡಿನ ಮರೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ತನುಜ ಅದರ ಫೋಟೋ ತೆಗೆದು ಅತ್ತೆಗೆ ಕಳಿಸಿದಳು. ಕಳಿಸಬಾರದಿತ್ತು.

ಐದು ನಿಮಿಷದಲ್ಲಿ ಫೋನು ಬಂತು, ತನುಜ ಸ್ಪೀಕರ್ ಹಾಕಿದಳು. ವೆಂಕಟರತ್ನಮ್ಮನವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕೋಪ ಬಂದಾಗ ತೆಲುಗಿನ ಪಾಲು ಏರುತ್ತದೆ.

"ಏಮಿ ಬೀಗ್ರೇ ಇದಿ! ಮೂರು ಚಕ್ರ! ಮೂರು ಜನ ಒಳ್ಳೆ ಕೆಲಸಕ್ಕೆ ಹೊರಡಲ್ಲ, ಮೂರು ರೊಟ್ಟಿ ತಟ್ಟೆಗೆ ಹಾಕಲ್ಲ, ನೀವು ಮಗೂನ ಮೂರು ಚಕ್ರದ ಮೇಲೆ ಕೂರಿಸ್ತೀರಾ?"

"ಆಟೋಗೂ ಮೂರೇ ಅಲ್ವಾ ತಾಯಿ?" ಎಂದು ನಾನು ಇತ್ತ ಕಡೆಯಿಂದ ಕೂಗಿದೆ.

"ಅದಕ್ಕೇ ಅವು ಮಗುಚಿಕೊಳ್ಳೋದು!"

ಮುನಿಗಂಗಪ್ಪ ಬೌದ್ಧ ಧರ್ಮಕ್ಕೆ ಸೇರಿ, ಅವನ ಮನೆಗೆ ಬುದ್ಧ ಬಂದು ಹತ್ತು ವರ್ಷವಾಗಿದೆ. ರಾಹುಕಾಲ ನೋಡುವವರನ್ನು ಕಂಡರೆ ಅವನು ನಗುತ್ತಾನೆ. ನನ್ನ ಅಂಗಡಿಯ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಯನ್ನು ನೋಡಿ, "ಉಪ್ಪಿನಕಾಯಿ ಯಾವಾಗ ಹಾಕ್ತೀಯ?" ಎಂದು ಪ್ರತಿ ಶನಿವಾರ ಕೇಳುವವನು. ಅಂಥವನು ಆವತ್ತು ಮಧ್ಯಾಹ್ನ ಬಂದು, ನನ್ನ ಮುಖ ನೋಡದೆ, "ಇನ್ನೊಂದು ಸಣ್ಣ ಚಕ್ರ ಕೊಡು," ಎಂದ. ಮಗು ಕೈಬಿಟ್ಟು ಹೋಗುವ ಭಯದ ಮುಂದೆ ಬುದ್ಧನೂ ಸ್ವಲ್ಪ ಹೊತ್ತು ಹೊರಗೆ ಕೂರಬೇಕಾಯಿತು.

ನಾನು ಹೇಳಿದೆ, ಬೇಡ ಎಂದು. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಕೂರುತ್ತದೆ. ನಾಲ್ಕು ಕಾಲಿನ ಹೋಟೆಲ್ ಮೇಜು ಕುಂಟುತ್ತದೆ, ಕೆಳಗೆ ಪೇಪರ್ ಮಡಚಿ ಇಡುತ್ತಾರೆ. ಕೇಳಲಿಲ್ಲ. ಸಣ್ಣ ಚಕ್ರದ ಹಿಂದೆ ಇನ್ನೊಂದು ಸಣ್ಣ ಚಕ್ರ ಕೂರಿಸಿದ. ಸೈಕಲ್ಲನ್ನು ರಸ್ತೆಗೆ ಇಳಿಸಿ ಹತ್ತು ಮಾರು ಹೋಗಿರಬೇಕು, ಒಂದು ಉಬ್ಬು ಬಂತು, ಪಕ್ಕದ ಎರಡು ಚಕ್ರ ಅದರ ಮೇಲೆ ಹತ್ತಿದವು, ಸೈಕಲ್ಲಿನ ಹಿಂದಿನ ಚಕ್ರ ಗಾಳಿಗೆ ಎದ್ದಿತು. ಮುನಿಗಂಗಪ್ಪ ಅಲ್ಲೇ ನಿಂತು ಜೋರಾಗಿ ಪೆಡಲ್ ತುಳಿಯುತ್ತಲೇ ಇದ್ದ. ಬೀದಿಯ ಹೆಂಗಸರೆಲ್ಲ ನಲ್ಲಿ ನೀರು ಬಿಟ್ಟು ನೋಡಲು ಬಂದರು.

ಕಡೆಗೆ ಉಪಾಯ ಹೇಳಿದ್ದು ನಾನೇ. "ಮೂರು ಜನ ಹೊರಡಲೇಬೇಕು ಅಂದಾಗ ನಮ್ ಹಿರಿಯರು ಏನ್ ಮಾಡ್ತಿದ್ರು? ನಾಲ್ಕನೆಯವನು ಅಂತ ಜೇಬಲ್ಲಿ ಒಂದು ಕಲ್ಲು ಇಟ್ಕೊಳ್ತಿದ್ರು. ನೀನೂ ಆ ಚಕ್ರ ಬಿಚ್ಚಿ ಹಿಂದೆ ನೇತು ಹಾಕು. ಸ್ಟೆಪ್ನಿ ಅನ್ನು. ಬೀಗ್ತಿ ಲೆಕ್ಕಕ್ಕೆ ನಾಲ್ಕು, ರಸ್ತೆ ಲೆಕ್ಕಕ್ಕೆ ಮೂರು."

ಅದನ್ನು ಮಾತ್ರ ಕೇಳಿದ. ಆದರೆ ನಾಲ್ಕನೆಯದನ್ನು ಕತ್ತರಿಸಿ, ಮೂರನೆಯದನ್ನು ಸರಿಸಿ ಮತ್ತೆ ಬೆಸೆಯುವಾಗ ಕಬ್ಬಿಣ ಬಿಸಿಗೆ ಎಳೆದುಕೊಂಡಿತು. ಚಕ್ರ ಒಂದಿಷ್ಟು ಹೊರಮುಖವಾಗಿ ನಿಂತಿತು. ಸೈಕಲ್ ಎಡಕ್ಕೆ ಎಳೆಯತೊಡಗಿತು. ಕಾಸಿ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟರೆ ಸರಿಹೋಗುವ ಕೆಲಸ.

"ಸೊಟ್ಟ ಕೂತಿದೆ ಕಣೋ," ಎಂದೆ.

"ರಸ್ತೆ ವಾಲೈತೆ. ನೀರು ಹರೀಲಿ ಅಂತ ಎಡಕ್ಕೆ ಇಳಿಜಾರು ಕೊಟ್ಟಿರ್ತಾರೆ," ಎಂದ.

ನಾನೂ ಬಿಡುವವನಲ್ಲ. ಮಾರ್ಕೆಟ್ ಯಾರ್ಡಿನ ಕಾಂಕ್ರೀಟ್ ನೆಲಕ್ಕೆ ಕರೆದುಕೊಂಡು ಹೋದೆ. ಅಲ್ಲೂ ಎಡಕ್ಕೇ ಹೋಯಿತು. "ಕಾಂಕ್ರೀಟ್ ಹಾಕಿದವನು ಮಟ್ಟ ನೋಡಿಲ್ಲ," ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ರೇಗಿ ಒಂದು ವಾರ ಮಾತು ಬಿಟ್ಟೆ.

ಚಕ್ರವನ್ನು ತಿದ್ದುವ ಬದಲು ಅವನು ತನ್ನನ್ನು ತಿದ್ದಿಕೊಂಡ. ಅಮೃತಳ ತೂಕ ಹದಿನಾಲ್ಕು ಕೆಜಿ. ಅಷ್ಟೇ ತೂಕದ ರಾಗಿ ಮೂಟೆಯನ್ನು ತೊಟ್ಟಿಯಲ್ಲಿ ಕೂರಿಸಿ, ಪಟ್ಟಿ ಕಟ್ಟಿ, ದಿನಾ ಸ್ಕೂಲಿನ ತನಕ ಹೋಗಿ ಬರತೊಡಗಿದ. ಮೈಯನ್ನು ಬಲಕ್ಕೆ ಇಷ್ಟು ವಾಲಿಸಿ, ಬಲಗೈಯಲ್ಲಿ ಹ್ಯಾಂಡಲ್ ಒತ್ತಿ ಹಿಡಿದರೆ ಸೈಕಲ್ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಎರಡು ವಾರದಲ್ಲಿ ಅದು ಅವನ ಮೈಗೆ ಹತ್ತಿತು. ಸ್ಟೇಷನ್ ರಸ್ತೆಯ ಅಂಗಡಿಯವರು, "ಏನ್ ಮುನಿಗಂಗಣ್ಣ, ರಾಗೀನ ಎಲ್‌ಕೆಜಿಗೆ ಸೇರಿಸಿದ್ಯಾ?" ಎಂದು ಕೂಗುತ್ತಿದ್ದರು.

ಅಮೃತ ಕೂಡ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ತಾತ, ದಿನಾ ಅದೇ ಹೋಗ್ತೈತಲ್ಲ, ನಾನ್ಯಾವಾಗ ಹೋಗೋದು?"

"ಜೂನ್ ಒಂದಕ್ಕಮ್ಮ," ಎಂದ. ಮೂಟೆಯ ಪಟ್ಟಿಯನ್ನು ಇನ್ನೊಂದು ಸಲ ಬಿಗಿದ.

ಮೇ ಕಡೆಯ ಭಾನುವಾರ ವೆಂಕಟರತ್ನಮ್ಮ ಮಗನ ಟೆಂಪೋದಲ್ಲಿ ಬಂದಿಳಿದರು. ಬೀದಿಯ ಹತ್ತು ಜನ ಮೊದಲೇ ಸೇರಿದ್ದರು. ಆಕೆ ಬೆರಳು ಮಡಚಿ ಚಕ್ರ ಎಣಿಸಿದರು. ನೇತು ಹಾಕಿದ್ದೂ ಸೇರಿ ನಾಲ್ಕು. "ಸರೇ," ಎಂದರು. ತೊಟ್ಟಿಯನ್ನು ಹಿಡಿದು ಅಲ್ಲಾಡಿಸಿದರು, ಅಲ್ಲಾಡಲಿಲ್ಲ. ಕಡೆಗೆ ಸೀರೆ ಎತ್ತಿಕಟ್ಟಿ ತಾವೇ ಅದರೊಳಗೆ ಕೂತರು. ಆಕೆಯ ತೂಕ ಐದು ರಾಗಿ ಮೂಟೆಗೆ ಕಮ್ಮಿಯಿಲ್ಲ. ಮುನಿಗಂಗಪ್ಪ ಹಲ್ಲುಕಚ್ಚಿ ತುಳಿದು, ಬೀದಿಯ ತುದಿಯವರೆಗೆ ಕರೆದುಕೊಂಡು ಹೋಗಿ ವಾಪಸ್ ತಂದ. ಗೇಟು ಮಾಡುವವನ ಕೆಲಸ, ಎಲ್ಲೂ ಕಿರುಗುಟ್ಟಲಿಲ್ಲ. ಆಕೆ ಇಳಿದಾಗ ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ.

"ಚಾಲಾ ಬಾಗುಂದಿ ಬೀಗ್ರೇ! ಇಂಥ ಗಾಡಿ ಇದ್ರೆ ನಂಗ್ಯಾವ ಭಯಾನೂ ಇಲ್ಲ."

ಮುನಿಗಂಗಪ್ಪ ತನುಜಳ ಕಡೆ ನೋಡಿದ. ಗೆದ್ದೆ ಎಂಬ ನೋಟ.

"ಮುನೇಶಾ, ಟೆಂಪೋಗೆ ಹತ್ತಿಸೋ ಇದನ್ನ," ಎಂದರು ವೆಂಕಟರತ್ನಮ್ಮ. "ನಮ್ಮನೆಯಿಂದ ಸ್ಕೂಲಿಗೆ ಹೇಗೆ ಕಳಿಸೋದು ಅಂತಾನೇ ನಂಗೆ ಯೋಚನೆ ಆಗಿತ್ತು. ನಿನ್ ತಮ್ಮ ಬಿಡ್ತಾನೆ. ಮಗೂನೂ ಗಾಡೀನೂ ಈವತ್ತೇ ಹೋಗ್ಲಿ."

ಎರಡು ತಿಂಗಳು ಬೆವರು ಸುರಿಸಿ ಅವನು ಕಟ್ಟಿದ್ದು ಮಗುವನ್ನು ಚಿಂತಾಮಣಿಗೆ ಕಳಿಸುವ ಗಾಡಿಯನ್ನು. ನಗು ಬರಬೇಕಿತ್ತು, ನನಗೆ ಬರಲಿಲ್ಲ. ತನುಜ ಬಾಯಿ ತೆರೆದವಳು ಅತ್ತೆಯ ಮುಖ ನೋಡಿ, ಹೋಗಿ ಮಗುವಿನ ಪಕ್ಕ ನಿಂತಳು. ಗಟ್ಟಿ ದಾರಿ ಬೇಕೆಂದು ಕೇಳಿದವಳೇ ಅವಳು, ಈಗ ದಾರಿ ಗಟ್ಟಿಯಾಗಿತ್ತು.

ಹತ್ತಿಸುವ ಮುಂಚೆ ಒಂದು ಸುತ್ತು ನೋಡೋಣ ಎಂದು ಮುನೇಶ್ ಸೈಕಲ್ ಹತ್ತಿದ. ಪುಣ್ಯಕ್ಕೆ ಮಗುವನ್ನು ಕೂರಿಸಲಿಲ್ಲ. ಐದು ಮಾರು ಹೋಗುವಷ್ಟರಲ್ಲಿ ಎಡಕ್ಕೆ ತಿರುಗಿ ಮರಳಿನ ಗುಡ್ಡೆಗೆ ಹೊಕ್ಕ. ಎದ್ದು ಮತ್ತೆ ಹತ್ತಿದ. ಈ ಸಲ ಚರಂಡಿಯ ಅಂಚಿಗೆ ಹೋಗಿ ನಿಂತ. ಮೂರು ಟನ್ ಟೊಮೇಟೊ ಹೊತ್ತು ಘಾಟಿ ಇಳಿಸುವ ಡ್ರೈವರ್!

"ಮಾವ, ಇದು ಸೊಟ್ಟ ಎಳೀತೈತಲ್ಲ?"

ಬೀದಿಗೆ ಬೀದಿಯೇ ಉತ್ತರಕ್ಕೆ ಕಾದಿತ್ತು. ರಸ್ತೆ ಸೊಟ್ಟ ಎನ್ನುತ್ತಾನೋ, ಮುನೇಶನೇ ಸೊಟ್ಟ ಎನ್ನುತ್ತಾನೋ ಎಂದು ನಾನೂ ಕಾದೆ. ಮುನಿಗಂಗಪ್ಪ ಮೆಟ್ಟಿಲ ಮೇಲೆ ಕೂತಿದ್ದ ಅಮೃತಳ ಕಡೆ ನೋಡಿದ.

"ಹೂಂ," ಎಂದ. "ಸೊಟ್ಟ ಐತೆ. ನಾನ್ ಬೆಸೆದಿದ್ದೇ ಸೊಟ್ಟ."

"ಅದಕ್ಕೇನಂತೆ, ಮಷಿನ್ ಇಲ್ಲೇ ಐತಲ್ಲ. ನೆಟ್ಟಗೆ ಮಾಡ್ಕೊಡಿ ಮಾವ."

"ನನ್ ಕೈಲಿ ಆಗಲ್ಲಪ್ಪ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಂಗೆ ಬರಲ್ಲ."

ಮುನೇಶ್ ನನ್ನ ಕಡೆ ತಿರುಗಿದ. "ಬಾಬಣ್ಣ, ಚಕ್ರದ ಕೆಲಸ ನಿಮ್ದಲ್ವಾ? ನೀವಾದ್ರೂ ಮಾಡ್ತೀರಾ?"

ಈ ಪ್ರಶ್ನೆಗಾಗಿ ನಾನು ಮೂವತ್ತು ವರ್ಷ ಕಾದಿದ್ದೆ. ಅದೂ ಮುನಿಗಂಗಪ್ಪನ ಎದುರಿಗೆ, ಹತ್ತು ಜನರ ಮುಂದೆ. ಸುತ್ತಿಗೆ ನನ್ನ ಕಾಲಬುಡದಲ್ಲೇ ಇತ್ತು. ಅವನು ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದ.

"ಇಲ್ಲಪ್ಪ," ಎಂದೆ. "ನಂಗೂ ಬರಲ್ಲ."

ವೆಂಕಟರತ್ನಮ್ಮ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಏಮಿ ಊರಪ್ಪಾ ಇದಿ! ಇಬ್ಬರು ಮೇಸ್ತ್ರಿಗಳು, ಒಂದು ಚಕ್ರ ನೆಟ್ಟಗೆ ಮಾಡೋಕೆ ಬರಲ್ಲ!"

ತನುಜ ವೆಲ್ಡಿಂಗ್ ಶೆಡ್ಡಿನಲ್ಲೇ ಆಡಿ ಬೆಳೆದವಳು. ಅದು ಎಷ್ಟು ಹೊತ್ತಿನ ಕೆಲಸ ಎಂದು ಅವಳಿಗೆ ನಮ್ಮಷ್ಟೇ ಗೊತ್ತು. ಅವಳು ಮಗುವನ್ನು ಎತ್ತಿಕೊಂಡು ಬಂದು ತೊಟ್ಟಿಯಲ್ಲಿ ಕೂರಿಸಿ, ಪಟ್ಟಿ ಬಿಗಿದಳು.

"ಹಾಗಾದ್ರೆ ಇದನ್ನ ಅಪ್ಪಾನೇ ಓಡಿಸ್ಬೇಕು, ಅತ್ತೆ," ಎಂದಳು. "ಬೇರೆ ಯಾರಿಗೂ ಬರಲ್ಲ."