ಅಂಗಡಿಯ ಹೊರಗುಳಿದ ಮಣ್ಣು

ನನ್ನ ಮಾವನವರದು ಮದರಾಸಿನಲ್ಲಿ ಹೋಟೆಲು. ಅರವತ್ತರ ದಶಕದ ಮೊದಲಲ್ಲಿ, ಹೋಟೆಲಿನ ಅಕ್ಕಿಯಾದರೂ ನಮ್ಮದೇ ಇರಲಿ ಎಂದು ಪಲ್ಲಾವರಂ ದಾಟಿ ಒಂದಷ್ಟು ಜಮೀನು ಕೊಂಡರು. ಪಾಲಿಗೆ ಮಾಡುತ್ತಿದ್ದವರು ಆ ಊರಿನವರೇ, ವಯಸ್ಸಾದ ತಮಿಳು ರೈತರು. ಟ್ರ್ಯಾಕ್ಟರ್ ಬರುತ್ತದೆಂದು ನಂಬಿ ಅವರು ತಮ್ಮ ಜೋಡಿ ಎತ್ತನ್ನು ಮಗಳ ಊರಿಗೆ ಕಳಿಸಿಬಿಟ್ಟಿದ್ದರು. ಟ್ರ್ಯಾಕ್ಟರೇನೋ ಬಂತು, ಅದರ ಹಿಂದೆ ಕಟ್ಟುವ ನೇಗಿಲನ್ನು ಆರಿಸುವುದು ಬಾಕಿ. ಆಡಿ ತಿಂಗಳ, ಅಂದರೆ ತಮಿಳರ ಆಷಾಢದ, ಬಿತ್ತನೆಯೊಳಗೆ ನೆಲ ಒಡೆಯದಿದ್ದರೆ ಅವರ ಆ ವರ್ಷದ ಅನ್ನ ಹೋದಂತೆ.

ನೇಗಿಲು ಮಾರುವ ಮೌಂಟ್ ರೋಡಿನ ಅಂಗಡಿಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ. ಕುಂದಾಪುರದ ಮಾತನ್ನು ಕೊನೆಯವರೆಗೂ ಬಿಡದ ಮಾವ, "ನಿಂಗೆ ಇಂಗ್ಲಿಷ್ ಬತ್ತ್ ಅಲ್ದಾ, ನೀನೇ ಕೇಂಡ್ ಕಾಣ್" ಎಂದು ರೈತರ ಜೊತೆ ನನ್ನನ್ನೇ ಅಂಗಡಿಗೆ ಕಳಿಸಿದರು.

ರೈತರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದು, ಹೆಗಲ ಟವೆಲಿನ ಗಂಟು ಬಿಚ್ಚಿದರು. ಒಳಗೆ ಹೊಲದ ಮಣ್ಣು, ನೀರು ಹಾಕಿ ನಾದಿ ತಂದದ್ದು. ಚಕ್ಕುಲಿ ಹಿಟ್ಟಿನ ಹಾಗೆ ಅದನ್ನು ಎರಡು ಅಂಗೈ ನಡುವೆ ಹೊಸೆದು, ಬಳೆಯಂತೆ ಬಗ್ಗಿಸಿದರು. ಎಲ್ಲೂ ಬಿರಿಯಲಿಲ್ಲ, ಅಷ್ಟು ಅಂಟು. "ಇದನ್ನು ಅವರಿಗೆ ತೋರಿಸಿ ಅಮ್ಮಾ. ನೋಡಿದರೆ ಯಾವ ನೇಗಿಲು ಅಂತ ಅವರೇ ಹೇಳ್ತಾರೆ" ಎಂದರು ತಮಿಳಿನಲ್ಲಿ.

ಅಷ್ಟರಲ್ಲಿ ಕೌಂಟರಿನ ಗಾಜಿನ ಮೇಲೆ ಒಂದು ಚಿಟಿಕೆ ಕೆಸರು ಬಿತ್ತು. ಟೈ ಕಟ್ಟಿದ್ದ ಮಾರಾಟಗಾರ ಅದನ್ನೇ ನೋಡಿದ. ನನ್ನ ಕಿವಿ ಬಿಸಿಯಾಯಿತು. ಅದನ್ನು ಹೊರಗಿಡಿ ಎಂದು ಮೆಲ್ಲಗೆ ಹೇಳಿದೆ. ಅವರು ಮಣ್ಣನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಹೋದರು.

ಎಂಥ ಮಣ್ಣು ಎಂದು ಮಾರಾಟಗಾರ ಕೇಳಿದ. ಭೂಗೋಳದ ತರಗತಿಯಲ್ಲಿ ಕಲಿತ ಒಂದು ಪದ ನಾಲಿಗೆಗೆ ಬಂತು: ಲೋಮ್. ಹದವಾದ, ಸಡಿಲ ಮಣ್ಣು ಎಂದು ಅದರರ್ಥ. ನಿಜ ಹೇಳುವುದಾದರೆ, ಆ ಪದ ಹೇಳಲು ಚೆನ್ನಾಗಿತ್ತು, ಅಷ್ಟೇ. ಹಾಗಾದರೆ ಗಟ್ಟಿ ನೆಲ ಸೀಳುವ, ಅಗಲವಾದ ಉಕ್ಕಿನ ತಟ್ಟೆಗಳ ಡಿಸ್ಕ್ ನೇಗಿಲು ಬೇಡ, ಮೇಲುಮಣ್ಣು ಕೆದಕುವ ಒಂಬತ್ತು ಹಲ್ಲಿನ ಕಲ್ಟಿವೇಟರ್ ಸಾಕು ಎಂದ. ಜೊತೆಗೆ ನನ್ನ ಇಂಗ್ಲಿಷನ್ನೂ ಹೊಗಳಿದ. ಕಲ್ಟಿವೇಟರನ್ನೇ ಕೊಂಡು, ದಾರಿಯುದ್ದಕ್ಕೂ ಆ ಹೊಗಳಿಕೆಯ ಖುಷಿಯಲ್ಲಿದ್ದೆ.

ಮುಂದಿನ ವಾರ ಹೊಲಕ್ಕೆ ಹೋದಾಗ, ಕಲ್ಟಿವೇಟರಿನ ಕೆಂಪು ಬಣ್ಣದ ಹಲ್ಲುಗಳು ಕಲ್ಲಾಗಿ ಒಣಗಿದ ಜೇಡಿಮಣ್ಣಿನ ಮೇಲೆ ಬಾಚಣಿಗೆಯ ಗೀರು ಬಿಟ್ಟಿದ್ದವು. ಎರಡು ಹಲ್ಲು ಬಾಗಿದ್ದವು. ರೈತರೂ ಅವರ ಹೆಂಡತಿಯೂ ಒಂದು ಮೂಲೆಯಲ್ಲಿ ಗುದ್ದಲಿಯಿಂದ ಹೆಂಟೆ ಒಡೆಯುತ್ತಿದ್ದರು. ಆ ತಾಯಿಯ ಅಂಗೈಗೆ ಹಳೆ ಸೀರೆಯ ಅಂಚು ಸುತ್ತಿತ್ತು.

ಮಾವ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದರು. ಮಣ್ಣು ಯಾವುದೆಂದು ಕೇಳದೆ ಮಾರಿದನೇ ಅವನು ಎಂದರು.

ರೈತರು ನನ್ನ ಕಡೆ ನೋಡಲಿಲ್ಲ. "ಅಂಗಡಿಯವರು ಮಣ್ಣು ನೋಡಲಿಲ್ಲ ಅಯ್ಯಾ. ತಂದಿದ್ದೆ, ನಾನೇ ಹೊರಗೆ ಮರೆತೆ" ಎಂದರು.

ಇಷ್ಟು ವಯಸ್ಸಾಗಿ ಅಷ್ಟೂ ನೆನಪಿಲ್ಲವೇ ಎಂದು ಮಾವ ಅವರ ಮೇಲೆ ರೇಗಿದರು. ಆಗ ನಾನು ಬಾಯಿ ತೆರೆಯಬೇಕಿತ್ತು. ಮನೆಯಿಂದ ತಂದಿದ್ದ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕುಳಿತೆ.

ಆ ಆಡಿಯಲ್ಲಿ ಬಿತ್ತನೆಯಾದದ್ದು ಅವರಿಬ್ಬರು ಕೈಯಾರೆ ಒಡೆದ ಆ ಮೂಲೆ ಮಾತ್ರ. ಮಾವ ತೀರಿಹೋಗುವವರೆಗೂ ಅವರಿಗೆ ಈ ಸಂಗತಿ ಗೊತ್ತಾಗಲಿಲ್ಲ. ಅಂದು ಹೊಲದಲ್ಲಿ ನಾನು ಕೊಟ್ಟ ಕಾಫಿಯನ್ನು ಆ ಹಿರಿಯರು, ಕೈಯ ಮಣ್ಣನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡ ಮೇಲೆಯೇ ತೆಗೆದುಕೊಂಡರು.